ವಯಸ್ಸಿಗೆ ಬಂದ ಮಗ–ಮಗಳಿಗೆ ಆಸರೆಯ ವಸತಿ: ಕರ್ನಾಟಕದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಹದಿನೆಂಟು ದಾಟಿದ ಮಕ್ಕಳ ತಂದೆತಾಯಿಗೆ. ಮಗುವಿಗೆ ತೀವ್ರ ಮಾನಸಿಕ ಕಾಯಿಲೆ ಇರಬಹುದು, ಬೌದ್ಧಿಕ ವಿಕಲತೆ ಇರಬಹುದು, ಎರಡೂ ಕೂಡಿರಬಹುದು. ಜೊತೆಗೆ ಸಿಟ್ಟು, ಹೊಡೆತ, ಮಾತ್ರೆ ಬಿಡುವುದು, ಹೇಳದೆ ಮನೆಯಿಂದ ಹೊರಟುಬಿಡುವುದು ಇಂಥ ತೊಂದರೆಯೂ ಇರುತ್ತದೆ. 'ಮಗ' ಎಂದು ಬರೆದ ಕಡೆಯೆಲ್ಲ ಮಗಳೂ ಸೇರಿದ್ದಾಳೆ. ಹೆಣ್ಣುಮಕ್ಕಳಿಗಷ್ಟೇ ಸಂಬಂಧಿಸಿದ್ದನ್ನು ಬೇರೆಯಾಗಿ ಬರೆದಿದ್ದೇವೆ.

ಸದ್ಯಕ್ಕೆ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ. ಹೊರಗಿನ ವಸತಿ ಯಾವಾಗ ಹುಡುಕಬೇಕು?

ಈಗಲೇ. ಸೇರಿಸುವುದು ಐದು ವರ್ಷದ ನಂತರವಾದರೂ ಸರಿ, ಹುಡುಕಾಟ ಈಗ ಶುರುವಾಗಲಿ. ಒಳ್ಳೆಯ ಕಡೆ ಜಾಗ ಕಡಿಮೆ, ಸರದಿ ಕಾಯಬೇಕು. ಮೊದಲು ಸಂದರ್ಶನ, ಆಮೇಲೆ ಕೆಲವು ದಿನದ ಪ್ರಾಯೋಗಿಕ ವಾಸ ಎಂದು ವಾರಗಟ್ಟಲೆ ಹಿಡಿಯುತ್ತದೆ. ಅಪ್ಪನನ್ನು ಐಸಿಯುಗೆ ಸೇರಿಸಿದ ರಾತ್ರಿ ಹುಡುಕಲು ಕೂತರೆ, ಆ ರಾತ್ರಿಯೇ 'ಕರಕೊಂಡು ಬನ್ನಿ' ಎನ್ನುವ ಜಾಗ ಮಾತ್ರ ಸಿಗುತ್ತದೆ. ಹುಡುಗನನ್ನು ನೋಡದೆ, ಚೀಟಿ ಕೇಳದೆ, ದುಡ್ಡಿನ ವಿಷಯ ಮಾತ್ರ ಮಾತಾಡಿ ಸೇರಿಸಿಕೊಳ್ಳುವವರ ಬಗ್ಗೆ ಅನುಮಾನವಿರಲಿ.

ನೋಡಿಕೊಳ್ಳುವವರಿಗೆ ಅರವತ್ತೈದು ದಾಟಿದ್ದರೆ, ಅಥವಾ ಇಬ್ಬರಲ್ಲಿ ಒಬ್ಬರೇ ಉಳಿದಿದ್ದರೆ ಇನ್ನು ತಡ ಮಾಡಬೇಡಿ. ರಾತ್ರಿ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಿದ್ದರೆ, ಅಡುಗೆಮನೆಯ ಚಾಕು ಬೀರುವಿನ ಒಳಗೆ ಸೇರಿದ್ದರೆ, ನಿಮ್ಮ ಕಣ್ಣಿನ ಆಪರೇಷನ್ನನ್ನೇ ಎರಡು ವರ್ಷ ಮುಂದೂಡಿದ್ದರೆ, ಆ ಮನೆ ಈಗಾಗಲೇ ಮಿತಿ ದಾಟಿದೆ. ಅದನ್ನು ಒಪ್ಪಿಕೊಳ್ಳುವುದೇ ಕಷ್ಟ, ಉಳಿದದ್ದು ಓಡಾಟ.

ಎಂತೆಂಥ ವಸತಿಗಳಿವೆ?

ಎಲ್ಲಕ್ಕೂ ಜನ 'ಹೋಮ್' ಅಂದುಬಿಡುತ್ತಾರೆ. ಒಳಗೆ ನಾಲ್ಕೈದು ಬಗೆ ಇವೆ, ಕೆಲಸವೂ ಬೇರೆ ಬೇರೆ.

ಹಾಫ್‌ವೇ ಹೋಮ್ ಎಂದರೆ ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣ. ಕೆಲವು ತಿಂಗಳಿಂದ ಒಂದೆರಡು ವರ್ಷ ಇದ್ದು, ಬೆಳಿಗ್ಗೆ ಏಳುವುದು, ಸ್ನಾನ, ಅಡುಗೆ, ದುಡ್ಡಿನ ಲೆಕ್ಕ, ಕೆಲಸ ಎಲ್ಲವನ್ನೂ ಮತ್ತೆ ರೂಢಿಸಿಕೊಳ್ಳುವ ಜಾಗ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, 1986ರ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಈ ದಾರಿಯಲ್ಲಿ ಹಳಬರು. ಇಲ್ಲಿ ಶಾಶ್ವತ ವಾಸ ಇರುವುದಿಲ್ಲ. 'ಸೇರಿಸಿ ನಿಶ್ಚಿಂತೆಯಾಗಿರೋಣ' ಎಂದು ಬಂದವರು ಅವಧಿ ಮುಗಿದಾಗ ಕಂಗಾಲಾಗುತ್ತಾರೆ. ಮೊದಲ ಭೇಟಿಯಲ್ಲೇ 'ಎಷ್ಟು ಕಾಲ? ಆಮೇಲೆ ಎಲ್ಲಿಗೆ?' ಎಂದು ಕೇಳಿ.

ಗ್ರೂಪ್ ಹೋಮ್‌ನಲ್ಲಿ ಕೆಲವೇ ಜನ ಒಂದು ಸಾಮಾನ್ಯ ಮನೆಯಲ್ಲಿ, ಒಬ್ಬಿಬ್ಬರು ಸಿಬ್ಬಂದಿಯ ನೆರವಿನಲ್ಲಿ ಇರುತ್ತಾರೆ. ಮಾತ್ರೆಯನ್ನು ತಾನಾಗಿ ನುಂಗುವ, ಬೇರೆಯವರ ಜೊತೆ ಹೊಂದಿಕೊಂಡು ಹೋಗುವ ಮಗನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮಾತ್ರೆ ಉಗುಳುವವನಿಗೆ ಇದು ಸಾಲದು.

ದೀರ್ಘಾವಧಿ ವಸತಿಗಳು, ಅಂದರೆ ಲಾಂಗ್ ಸ್ಟೇ ಹೋಮ್‌ಗಳು, ಇಪ್ಪತ್ತನಾಲ್ಕು ಗಂಟೆಯೂ ಸಿಬ್ಬಂದಿ ಇಟ್ಟುಕೊಂಡು ವರ್ಷಗಟ್ಟಲೆ ನೋಡಿಕೊಳ್ಳುತ್ತವೆ. ಗುಣಮಟ್ಟದಲ್ಲಿ ಅಜಗಜಾಂತರ ಕಾಣುವುದು ಇಲ್ಲೇ. ಇವಲ್ಲದೆ ಪೋಷಕರ ಆಪರೇಷನ್, ಮದುವೆ, ಪ್ರಯಾಣಕ್ಕೆಂದು ಒಂದೆರಡು ವಾರ ಇರಿಸಿಕೊಳ್ಳುವ ರೆಸ್ಪೈಟ್ ಕೇರ್ ಇದೆ. ಹಗಲು ಹೋಗಿ ಸಂಜೆ ಬರುವ ಡೇ ಕೇರ್ ಇದೆ. ಡೇ ಕೇರ್ ವಸತಿಯಲ್ಲ, ನಿಜ. ಆದರೆ ವಸತಿಗೆ ಮೊದಲ ಮೆಟ್ಟಿಲು ಅದೇ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುವ ರೂಢಿಯೇ ಇಲ್ಲದವನನ್ನು ನೇರವಾಗಿ ಹಾಸ್ಟೆಲಿನಂಥ ಜಾಗಕ್ಕೆ ಒಯ್ದರೆ ಮೊದಲ ವಾರದಲ್ಲೇ ಗಲಾಟೆಯಾಗುತ್ತದೆ.

ಆಯ್ಕೆ ಮಾಡುವಾಗ ಕಾಯಿಲೆಯ ಹೆಸರಿಗಿಂತ ದಿನದ ಅಗತ್ಯ ನೋಡಿ. ರಾತ್ರಿ ಎಚ್ಚರವಿರುವ ಸಿಬ್ಬಂದಿ ಬೇಕೇ? ಮಾತ್ರೆ ಬಾಯಲ್ಲಿ ಹಾಕಿ ನೋಡಬೇಕೇ, ನೆನಪಿಸಿದರೆ ಸಾಕೇ? ಒಬ್ಬನೇ ಅಂಗಡಿಗೆ ಹೋಗಿ ಬರುತ್ತಾನೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ.

ಮಾನಸಿಕ ಕಾಯಿಲೆಗೂ ಬೌದ್ಧಿಕ ವಿಕಲತೆಗೂ ಬೇರೆ ಬೇರೆ ಕಚೇರಿಯೇ?

ಹೌದು. ತಪ್ಪು ಕಚೇರಿಯಲ್ಲಿ ತಿಂಗಳುಗಟ್ಟಲೆ ಕಾಯುವವರು ಬಹಳ.

ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದವಕ್ಕೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಅನ್ವಯಿಸುತ್ತದೆ. ಇದು ಜಾರಿಗೆ ಬಂದದ್ದು 2018ರ ಮೇ 29ರಿಂದ. ಸಮುದಾಯದ ನಡುವೆ ಬದುಕುವ ಹಕ್ಕನ್ನು 19ನೇ ಕಲಂ ಹೇಳುತ್ತದೆ. ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ಗಳಿಗೆ ವ್ಯವಸ್ಥೆ ಮಾಡುವುದು ಸರ್ಕಾರದ ಹೊಣೆ ಎಂದೂ ಅಲ್ಲೇ ಇದೆ. ಬೌದ್ಧಿಕ ವಿಕಲತೆಯೊಂದೇ ಇದ್ದರೆ ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಕಲತೆ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ವಯಸ್ಕರ ದೀರ್ಘಕಾಲದ ವಸತಿಗೆ ಅದರ 'ಘರೌಂದಾ' ಯೋಜನೆ, ಅಲ್ಪಾವಧಿಗೆ 'ಸಮರ್ಥ್', ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ 'ನಿರಾಮಯ' ಇವೆ. ಬರೀ ಸ್ಕಿಜೋಫ್ರೇನಿಯಾ ಇರುವವರಿಗೆ ಇವು ಸಿಗುವುದಿಲ್ಲ.

ಎರಡೂ ಇರುವ ಮಗನನ್ನು 'ಇವನು ಅವರ ಕಡೆಯವನು' ಎಂದು ಇಬ್ಬರೂ ತಳ್ಳುವುದುಂಟು. ಮನೋವೈದ್ಯರ ಚೀಟಿಯಲ್ಲಿ ಎರಡೂ ರೋಗನಿರ್ಣಯ ಪ್ರತ್ಯೇಕವಾಗಿ, ಸ್ಪಷ್ಟವಾಗಿ ಇದ್ದರೆ ನೀವು ಎರಡೂ ಬಾಗಿಲು ತಟ್ಟಬಹುದು. 'ಬಿಹೇವಿಯರ್ ಪ್ರಾಬ್ಲಂ' ಎಂದಷ್ಟೇ ಇದ್ದರೆ ಎರಡೂ ಮುಚ್ಚುತ್ತವೆ.

ಹುಡುಕುವುದು ಎಲ್ಲಿಂದ?

ಈಗ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಹತ್ತಿರ. ಡಾಕ್ಟರು ಹೇಳುವುದು ಐದು ನಿಮಿಷ. ಯಾವ ಹೋಮ್‌ನಲ್ಲಿ ಈಗ ಜಾಗ ಇದೆ, ಯಾವುದರಲ್ಲಿ ಮ್ಯಾನೇಜರ್ ಬದಲಾಗಿದ್ದಾರೆ ಎಂಬುದು ಸೋಷಿಯಲ್ ವರ್ಕರಿಗೆ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗೆ ತೋರಿಸುವವರು ಪುನರ್ವಸತಿ ವಿಭಾಗಕ್ಕೆ ರೆಫರ್ ಮಾಡಿ ಎಂದು ಬಾಯಿಬಿಟ್ಟು ಕೇಳಬೇಕು, ತಾನಾಗಿ ಆಗುವುದಿಲ್ಲ.

ಹಳ್ಳಿ, ತಾಲ್ಲೂಕಿನಲ್ಲಿದ್ದರೆ ಜಿಲ್ಲಾಸ್ಪತ್ರೆಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಕ್ಲಿನಿಕ್, ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ. ಹಗಲು ಆರೈಕೆಗೆ 'ಮಾನಸಧಾರ' ಕೇಂದ್ರ ನಿಮ್ಮ ಜಿಲ್ಲೆಯಲ್ಲಿದೆಯೇ ಎಂದು ಅಲ್ಲೇ ಕೇಳಿ. ಯಾರಿಗೆ ಫೋನ್ ಮಾಡಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್: 14416, ದಿನದ ಇಪ್ಪತ್ತನಾಲ್ಕು ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಗೂಗಲ್‌ನಲ್ಲಿ ಮೊದಲು ಬರುವ ಹೆಸರುಗಳು ಜಾಹೀರಾತಿಗೆ ದುಡ್ಡು ಕೊಟ್ಟವರವು. ಕುಡಿತ ಬಿಡಿಸುವ ಕೇಂದ್ರಗಳೇ 'ಎಲ್ಲ ಮಾನಸಿಕ ಸಮಸ್ಯೆಗೂ' ಎಂದು ಬೋರ್ಡು ಹಾಕಿಕೊಂಡಿರುವುದೂ ಇದೆ. ಕುಡುಕರನ್ನು ದಾರಿಗೆ ತರುವ ಶಿಸ್ತು, ದನಿಗಳು ಕೇಳಿಸುವ ಹುಡುಗನ ಮೇಲೆ ಪ್ರಯೋಗವಾದರೆ ಕಾಯಿಲೆ ಕೆರಳುತ್ತದೆ.

ಯಾವ ಕಾಗದ ಪತ್ರ ಸಿದ್ಧವಿರಬೇಕು?

ಆಧಾರ್, ಎಲ್ಲ ಡಿಸ್ಚಾರ್ಜ್ ಸಮ್ಮರಿ, ಈಚಿನ ಮಾತ್ರೆಚೀಟಿ, ಮೂರು ತಿಂಗಳೊಳಗಿನ ರಕ್ತಪರೀಕ್ಷೆ, ಫಿಟ್ಸ್ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಅದರ ವಿವರ, ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಫೋಟೋಗಳು. ಹಳೆಯ ಆಸ್ಪತ್ರೆ ದಾಖಲೆ ಕಳೆದುಹೋಗಿದ್ದರೆ ಅರ್ಜಿ ಕೊಟ್ಟು ಕೇಳಿ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು ಕಾಯ್ದೆಯ ಪ್ರಕಾರ ರೋಗಿಯ ಹಕ್ಕು.

ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಗೊತ್ತುಮಾಡಿದ ದಿನ ಆಸ್ಪತ್ರೆಗೆ ಹೋಗಬೇಕು. ಮಾನಸಿಕ ಕಾಯಿಲೆಯನ್ನು 'ಐಡಿಯಾಸ್' ಎಂಬ ಮಾಪನದಲ್ಲಿ ಅಳೆಯುತ್ತಾರೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ, ಮೇಲೆ ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ ಅಂಕ. ಒಟ್ಟು 7 ಬಂದರೆ ಶೇ 40 ವಿಕಲತೆ. ಹೆಚ್ಚಿನ ಸೌಲಭ್ಯಗಳ ಗೆರೆ ಇರುವುದು ಅಲ್ಲೇ.

ಇಲ್ಲಿ ಕೆಡುವುದು ಹೀಗೆ: ಆ ದಿನ ಅಮ್ಮ ಮಗನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಶೇವ್ ಮಾಡಿಸಿ ಕರೆತರುತ್ತಾರೆ. 'ಸ್ನಾನ ತಾನೇ ಮಾಡ್ತಾನಾ?' ಎಂದು ಕೇಳಿದರೆ ಎಲ್ಲರೆದುರು ಅವನ ಮಾನ ಕಳೆಯಲು ಮನಸ್ಸು ಬಾರದೆ 'ಹ್ಞೂಂ, ಮಾಡ್ತಾನೆ' ಅಂದುಬಿಡುತ್ತಾರೆ. ಅಂಕ ಇಳಿಯುತ್ತದೆ, ಶೇ 30 ಬರೆಯುತ್ತಾರೆ. ಕೇಳುತ್ತಿರುವುದು ಯಾರೂ ಹೇಳದೆ, ಯಾರೂ ಹಿಡಿದು ನಿಲ್ಲಿಸದೆ ಮಾಡುತ್ತಾನೆಯೇ ಎಂದು. ನಡೆಯುವುದನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದು ತಂದು ವೈದ್ಯರ ಕೈಗೆ ಕೊಡಿ. ಅವನೆದುರು ಓದಿ ಹೇಳುವ ಸಂಕಟವೂ ತಪ್ಪುತ್ತದೆ. ಪ್ರಮಾಣಪತ್ರ ತಾತ್ಕಾಲಿಕವಾದರೆ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

'ಹೊಡೆಯುತ್ತಾನೆ' ಎಂದರೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಮುಚ್ಚಿಡಬಹುದೇ?

ಬೇಡ. ಮುಚ್ಚಿಟ್ಟು ಸೇರಿಸಿದ ಮಗ ಎರಡನೇ ವಾರ ಯಾರನ್ನೋ ತಳ್ಳುತ್ತಾನೆ, ಅದಾದ ಮೂರನೇ ದಿನ ನಿಮಗೆ ಫೋನ್ ಬರುತ್ತದೆ, ಆ ಊರಿನ ಉಳಿದ ಹೋಮ್‌ಗಳಿಗೂ ಸುದ್ದಿ ಹೋಗಿರುತ್ತದೆ.

ಹೇಳುವ ರೀತಿ ಬದಲಿಸಿ. 'ತುಂಬಾ ವಯೊಲೆಂಟ್' ಎಂದರೆ ಕೇಳಿದವರು ಕಲ್ಪಿಸಿಕೊಳ್ಳುವುದು ಕೊಲೆಗಾರನನ್ನು. ಬದಲಿಗೆ: 'ಕಳೆದ ಆರು ತಿಂಗಳಲ್ಲಿ ಎರಡು ಸಲ ಅಪ್ಪನ ಮೇಲೆ ಕೈ ಮಾಡಿದ್ದಾನೆ. ಎರಡು ಸಲವೂ ಮಾತ್ರೆ ಬಿಟ್ಟು ವಾರ ಕಳೆದಿತ್ತು. ಊಟದ ಹೊತ್ತಿನಲ್ಲಿ ಬಯ್ದಾಗ ಆದದ್ದು. ಒಂದು ಗಂಟೆ ಒಬ್ಬನೇ ಬಿಟ್ಟರೆ ತಣ್ಣಗಾಗುತ್ತಾನೆ. ಅಪರಿಚಿತರ ಮೇಲೆ ಯಾವತ್ತೂ ಹೋಗಿಲ್ಲ.' ಎಷ್ಟು ಸಲ, ಯಾರ ಮೇಲೆ, ಮುಂಚೆ ಏನಾಗಿತ್ತು, ಹೇಗೆ ಇಳಿಯಿತು ಎಂಬ ನಾಲ್ಕು ಮಾತು. ಪಳಗಿದ ಸಿಬ್ಬಂದಿಗೆ ಇಷ್ಟು ಸಿಕ್ಕರೆ ಧೈರ್ಯ ಬರುತ್ತದೆ. ಪೆಟ್ಟಿನ ಜೊತೆಗೆ ಅವನಿಗೆ ಇಷ್ಟವಾದದ್ದನ್ನೂ ಬರೆಯಿರಿ, ರೇಡಿಯೊ, ಕ್ರಿಕೆಟ್, ಗಿಡಕ್ಕೆ ನೀರು ಹಾಕುವುದು ಏನಾದರೂ. ಅಲ್ಲಿಯವರು ಅವನೊಡನೆ ಮಾತು ಶುರುಮಾಡುವುದು ಅದರಿಂದಲೇ.

ಹೋಮ್ ನೋಡಲು ಹೋದಾಗ ಏನು ಗಮನಿಸಬೇಕು?

ಎರಡು ಸಲ ಹೋಗಿ. ಒಂದು ಸಲ ಹೇಳಿ, ಇನ್ನೊಂದು ಸಲ ಸಂಜೆ ಹೊತ್ತಿಗೆ ಹೇಳದೆ. ಹೊಸಿಲಲ್ಲೇ 'ಇವತ್ತು ಆಗಲ್ಲ' ಎಂದು ಸಾಗಹಾಕಿದರೆ ಕಾರಣ ಕೇಳಿ.

ಮೊದಲು ಗೋಡೆ ನೋಡಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಇರಬೇಕು. ಬೌದ್ಧಿಕ ವಿಕಲತೆಯ ವಸತಿಯಾದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯ ನೋಂದಣಿ. ಅವಧಿ ಮುಗಿದಿದೆಯೇ, ವಿಳಾಸ ಇದೇ ಕಟ್ಟಡದ್ದೇ ಎಂದು ಓದಿ. ಒಂದು ಕಟ್ಟಡಕ್ಕೆ ನೋಂದಣಿ, ಜನರನ್ನು ಇಟ್ಟಿರುವುದು ಇನ್ನೊಂದರಲ್ಲಿ ಎಂಬ ಆಟವೂ ನಡೆಯುತ್ತದೆ.

ಆಮೇಲೆ ಮಾತ್ರೆಯ ಬೀರು ತೆರೆಸಿ. ಒಬ್ಬೊಬ್ಬರಿಗೂ ಹೆಸರು ಬರೆದ ಪ್ರತ್ಯೇಕ ಡಬ್ಬಿ ಇರಬೇಕು. ರಿಜಿಸ್ಟರಿನಲ್ಲಿ ಇವತ್ತಿನ ಬೆಳಗಿನ ಸಹಿ ಆಗಿರಬೇಕು, ರಾತ್ರಿಯದು ಇನ್ನೂ ಖಾಲಿ ಇರಬೇಕು. ಮಧ್ಯಾಹ್ನ ಮೂರಕ್ಕೇ ರಾತ್ರಿಯ ಸಹಿಯೂ ಬಿದ್ದಿದ್ದರೆ ಅಲ್ಲಿ ಮಾತ್ರೆ ಕೊಡುವುದು ಕಾಗದದ ಮೇಲೆ ಮಾತ್ರ. ಎಲ್ಲರ ಮಾತ್ರೆಯೂ ಒಂದೇ ದೊಡ್ಡ ಡಬ್ಬದಲ್ಲಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

ಕಕ್ಕಸಿಗೆ ಹೋಗಿ ಬನ್ನಿ, ನಿಮಗೆ ಅವಸರವಿಲ್ಲದಿದ್ದರೂ. ಒಳಗಿನ ಚಿಲಕವನ್ನು ಹೊರಗಿನಿಂದ ತೆರೆಯುವ ಉಪಾಯ ಇದೆಯೇ, ನೀರು ಬರುತ್ತದೆಯೇ ನೋಡಿ. ಹಗಲು ಎರಡು ಗಂಟೆಗೆ ಎಲ್ಲರೂ ಹಾಸಿಗೆಯಲ್ಲಿದ್ದರೆ ಅತಿಯಾದ ಮಾತ್ರೆಯೋ, ಮಾಡಲು ಕೆಲಸವೇ ಇಲ್ಲವೋ, ಎರಡರಲ್ಲಿ ಒಂದು. ಎಲ್ಲರ ತಲೆ ಒಂದೇ ಥರ ಬೋಳಿಸಿದೆಯೇ? ಕಡ್ಡಾಯವಾಗಿ ತಲೆ ಬೋಳಿಸುವಂತಿಲ್ಲ, ತನ್ನ ಬಟ್ಟೆ ತಾನು ತೊಡುವುದು ಹಕ್ಕು, ಬಲವಂತವಾಗಿ ದುಡಿಸಿಕೊಳ್ಳುವಂತಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಸರಪಳಿ ಹಾಕುವುದನ್ನು 95ನೇ ಕಲಂ ಪೂರ್ತಿ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಸತ್ತರು. ಹಾಗಾಗಿ ಕಿಟಕಿಯ ಸರಳು, ಎರಡನೇ ಬಾಗಿಲು, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಕೇಳಿ.

ರಾತ್ರಿ ಎಷ್ಟು ಸಿಬ್ಬಂದಿ ಎಚ್ಚರವಿರುತ್ತಾರೆ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಯಾರಾದರೂ ಕೆರಳಿದರೆ ಏನು ಮಾಡುತ್ತೀರಿ ಎಂಬುದನ್ನು ಮ್ಯಾನೇಜರಿಗಿಂತ ಅಡುಗೆಯವರನ್ನೋ ಕೇರ್‌ಟೇಕರನ್ನೋ ಕೇಳಿದರೆ ನಿಜ ಹೊರಬೀಳುತ್ತದೆ. ಈಗ ಅಲ್ಲಿರುವ ಒಬ್ಬರ ಮನೆಯವರ ಜೊತೆ ಮಾತಾಡಿಸಿ ಎಂದು ಕೇಳಿ. 'ಮೊದಲ ಮೂರು ತಿಂಗಳು ಭೇಟಿ ಇಲ್ಲ, ಫೋನ್ ಇಲ್ಲ' ಎನ್ನುವ ಜಾಗ ಬೇಡವೇ ಬೇಡ. ಭೇಟಿ ಮತ್ತು ಫೋನು ಕೂಡ ಕಾಯ್ದೆ ಕೊಟ್ಟ ಹಕ್ಕು.

ಅವನು ಬರುವುದಿಲ್ಲ ಅನ್ನುತ್ತಾನೆ. ಬಲವಂತ ಮಾಡಬಹುದೇ?

ಪುನರ್ವಸತಿ ವಸತಿಗೆ ಬಲವಂತ ನಡೆಯುವುದಿಲ್ಲ, ನಡೆಸಿದರೂ ನಿಲ್ಲುವುದಿಲ್ಲ. ಹದಿನೆಂಟಾದ ಮೇಲೆ ಅವನ ಒಪ್ಪಿಗೆ ಬೇಕು. ಬಲವಂತಕ್ಕೆ ಜಾಗವಿರುವುದು ಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿಸುವಾಗ, ಅದೂ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಮಿನ ಷರತ್ತಿನೊಳಗೆ: ತನಗೆ ಅಪಾಯ, ಇತರರಿಗೆ ಅಪಾಯ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ತೀರ್ಮಾನಗಳಲ್ಲಿ ಅವನಿಗೆ ನೆರವಾಗಲು ಗೊತ್ತುಮಾಡಿದವರು, ಅರ್ಜಿ ಕೊಡಬೇಕು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು. ಅವಧಿ 30 ದಿನ. ಮುಂದುವರಿಸಬೇಕಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ.

ಅವನು ಸ್ವಲ್ಪ ಚೆನ್ನಾಗಿರುವ ದಿನ ಬಿಳಿ ಹಾಳೆಯ ಮೇಲೆ 'ನನ್ನ ನಾಮನಿರ್ದೇಶಿತ ಪ್ರತಿನಿಧಿ ಇವರು' ಎಂದು ಬರೆಸಿ, ಅವನ ಸಹಿ ಅಥವಾ ಹೆಬ್ಬೆಟ್ಟು, ನಿಮ್ಮ ಒಪ್ಪಿಗೆಯ ಸಹಿ ಇಟ್ಟುಕೊಳ್ಳಿ. ಸ್ಟಾಂಪ್ ಪೇಪರ್ ಬೇಡ. ಅವನು ಯಾವಾಗ ಬೇಕಾದರೂ ಬದಲಿಸಬಹುದು. ಹೇಗೆ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನೂ ಆಗಲೇ ಬರೆಸಬಹುದು.

ಒಪ್ಪಿಸುವ ದಾರಿ ನಿಧಾನದ್ದು. 'ನಿನ್ನನ್ನು ಹೋಮಿಗೆ ಹಾಕ್ತೀವಿ' ಎಂಬ ಬೆದರಿಕೆಯನ್ನು ಜಗಳದಲ್ಲಿ ಎಂದೂ ಬಳಸಬೇಡಿ, ಒಮ್ಮೆ ಬಳಸಿದರೆ ಆ ಪದವೇ ಕೆಟ್ಟುಹೋಗುತ್ತದೆ. ಮೊದಲು ಒಂದು ಸಂಜೆ ಕಾಫಿಗೆ, ಆಮೇಲೆ ಒಂದು ಹಗಲು, ಒಂದು ವಾರಾಂತ್ಯ, ಎರಡು ವಾರ. ಎರಡು ಜಾಗ ತೋರಿಸಿ ಆರಿಸಲು ಅವನಿಗೇ ಬಿಡಿ. 'ಊಟಿಗೆ ಹೋಗೋಣ' ಎಂದು ಸುಳ್ಳು ಹೇಳಿ ಕಾರು ಹತ್ತಿಸಿದರೆ ಅವನು ಆಮೇಲೆ ನಿಮ್ಮ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುವ 'ಪಿಕಪ್ ಸರ್ವೀಸ್' ಎಂಬ ಧಂದೆ ಇದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಈ ರಾತ್ರಿಯೇ ಅಪಾಯವಾದರೆ?

ಮೊದಲು ನೀವು ಹೊರಗೆ ಬನ್ನಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ 'ಮಾನಸಿಕ ಕಾಯಿಲೆ ಇದೆ, ಚಿಕಿತ್ಸೆಯಲ್ಲಿದ್ದಾನೆ, ಈಗ ಅಪಾಯ' ಎಂದು ಮೊದಲ ವಾಕ್ಯದಲ್ಲೇ ಹೇಳಿ, ಚೀಟಿ ಕೈಯಲ್ಲಿರಲಿ. ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕೆಂದು 100ನೇ ಕಲಂ ಹೇಳುತ್ತದೆ. ಲಾಕಪ್‌ನಲ್ಲಿ ಇಡುವಂತಿಲ್ಲ. ತುರ್ತು ಚಿಕಿತ್ಸೆಯನ್ನು ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಕೊಡಬಹುದು.

ಖರ್ಚನ್ನು ಹೇಗೆ ಅಂದಾಜು ಮಾಡುವುದು?

ಹೇಳುವ ಮಾಸಿಕ ಶುಲ್ಕದ ಹೊರಗೆ ಬಹಳ ಇರುತ್ತದೆ. ಡೆಪಾಸಿಟ್ ವಾಪಸ್ ಬರುತ್ತದೆಯೇ? ಮಾತ್ರೆ, ರಕ್ತಪರೀಕ್ಷೆ, ಆಸ್ಪತ್ರೆಗೆ ಹೋಗಿಬರುವ ಗಾಡಿ, ಡೈಪರ್, ಕೈಖರ್ಚು ಇದರಲ್ಲೇ ಸೇರಿದೆಯೇ? ಮಗ ಆಸ್ಪತ್ರೆಯಲ್ಲಿದ್ದ ತಿಂಗಳೂ ಪೂರ್ತಿ ಶುಲ್ಕವೇ? ಏನಾದರೂ ಒಡೆದರೆ? ವರ್ಷಕ್ಕೆ ಎಷ್ಟು ಏರಿಸುತ್ತಾರೆ? ಎಲ್ಲ ಬರಹದಲ್ಲಿ ಪಡೆಯಿರಿ, ರಸೀದಿ ಇಲ್ಲದೆ ದುಡ್ಡು ಕೊಡಬೇಡಿ.

ವರ್ಷಕ್ಕೆ ಶೇ 8ರಂತೆ ಏರಿದರೆ ಒಂಬತ್ತು ವರ್ಷಕ್ಕೆ ಖರ್ಚು ದುಪ್ಪಟ್ಟು. ಲೆಕ್ಕಕ್ಕೆ ಇವತ್ತು 20,000 ಎಂದಿಟ್ಟುಕೊಂಡರೆ, ಮಗನಿಗೆ ಈಗ ಮೂವತ್ತಾದರೆ, ಅವನ ನಲವತ್ತೆಂಟಕ್ಕೆ ತಿಂಗಳಿಗೆ 80,000. 'ಎಫ್‌ಡಿ ಬಡ್ಡಿಯಲ್ಲಿ ನಡೆಯುತ್ತೆ' ಎಂಬ ಲೆಕ್ಕ ಬಹುತೇಕ ಮನೆಗಳಲ್ಲಿ ತಪ್ಪುವುದು ಇಲ್ಲೇ. ಆದ್ದರಿಂದ ನಿಮ್ಮ ಇಡೀ ಸಾಮರ್ಥ್ಯವನ್ನು ಹಿಂಡುವ ದುಬಾರಿ ಜಾಗಕ್ಕಿಂತ, ಇಪ್ಪತ್ತು ವರ್ಷ ಕಟ್ಟಬಲ್ಲ ಸಾಧಾರಣ ಜಾಗ ಮೇಲು.

ಸರ್ಕಾರದಿಂದ ಏನು ಸಿಗುತ್ತದೆ?

ಅಂಗವಿಕಲ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಮಾತ್ರೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಪೋಷಕರಿಗೆ 75,000 ರೂಪಾಯಿ, ವಿಕಲತೆ ಶೇ 80 ಅಥವಾ ಅದಕ್ಕೆ ಮೇಲಾದರೆ 1,25,000 ರೂಪಾಯಿ ತೆರಿಗೆ ಲೆಕ್ಕದ ಆದಾಯದಲ್ಲಿ ಕಡಿತ. ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಮರೆಯುವುದು ಕುಟುಂಬ ಪಿಂಚಣಿ. ಅಪ್ಪನೋ ಅಮ್ಮನೋ ಸರ್ಕಾರಿ ನೌಕರರಾಗಿದ್ದರೆ, ದುಡಿದು ಬದುಕಲಾಗದ ವಿಕಲಚೇತನ ಮಗ–ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಕುಟುಂಬ ಪಿಂಚಣಿ ಸಿಗಬಲ್ಲದು. ನೀವು ಬದುಕಿರುವಾಗಲೇ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಇಲಾಖೆಯ ಕುಟುಂಬ ವಿವರದಲ್ಲಿ ಮಗನ ಹೆಸರು ಸೇರಿಸಿ. ನಿಮ್ಮ ಕಾಲಾನಂತರ ಅವನೇ ಕಚೇರಿಯಿಂದ ಕಚೇರಿಗೆ ಓಡಾಡಿ ಸಾಬೀತು ಮಾಡುವುದು ಆಗದ ಮಾತು.

ಸೇರಿಸಿದ ಮೊದಲ ಮೂರು ತಿಂಗಳಲ್ಲಿ ಕೆಡುವುದು ಯಾವುದು?

ಮಾತ್ರೆ. ಉಳಿದದ್ದೆಲ್ಲ ಆಮೇಲೆ.

ಕ್ಲೋಜಪಿನ್ (ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮದ್ದು) ತೆಗೆದುಕೊಳ್ಳುವ ಮಗ ಮನೆಯಲ್ಲಿ ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಿದ್ದ, ಹೋಮ್‌ನಲ್ಲಿ ಸಿಗರೇಟು ನಿಷಿದ್ಧ ಎಂದಿಟ್ಟುಕೊಳ್ಳಿ. ತಂಬಾಕಿನ ಹೊಗೆ ಲಿವರ್ ಆ ಮದ್ದನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಹೊಗೆ ತಟ್ಟನೆ ನಿಂತರೆ ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಒಂದು ವಾರದಲ್ಲಿ ವಿಪರೀತ ನಿದ್ದೆ, ಜೊಲ್ಲು, ತಲೆಸುತ್ತು, ಫಿಟ್ಸ್ ಕೂಡ ಬರಬಹುದು. 'ಹೊಸ ಜಾಗ, ಮಂಕಾಗಿದ್ದಾನೆ' ಎಂದು ಎಲ್ಲರೂ ಸುಮ್ಮನಿರುತ್ತಾರೆ. ಸೇರಿಸುವ ಮೊದಲೇ ವೈದ್ಯರಿಗೆ ತಿಳಿಸಿ ಪ್ರಮಾಣ ಹೊಂದಿಸಿಕೊಳ್ಳಿ. ಇದೇ ಮಾತ್ರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನು ನೇರವಾಗಿ ಕೊಡಬಾರದು, ವೈದ್ಯರ ನಿಗಾದಲ್ಲಿ 12.5 ಮಿಲಿಗ್ರಾಂನಿಂದ ಮತ್ತೆ ಏರಿಸುತ್ತಾ ಬರಬೇಕು. ಈ ಮದ್ದಿನಿಂದ ಬರುವ ಮಲಬದ್ಧತೆಯನ್ನು ಹಗುರವಾಗಿ ಕಾಣಬಾರದು. ಶುರುಮಾಡಿ 18 ವಾರ ಆಗಿಲ್ಲದಿದ್ದರೆ ವಾರ ವಾರದ ರಕ್ತಪರೀಕ್ಷೆ ಯಾರು ಮಾಡಿಸುತ್ತಾರೆ ಎಂದು ಬರೆಸಿಕೊಳ್ಳಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಆದರೆ ಶತ್ರುಗಳು ಬೇರೆ: ಬೇಸಿಗೆ, ಭೇದಿ, ಕಡಿಮೆ ನೀರು. ಮೈಕೈ ನೋವಿಗೆಂದು ಕೇರ್‌ಟೇಕರ್ ಕೊಡುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. 'ನೋವಿಗೆ ಪ್ಯಾರಾಸಿಟಮಾಲ್ ಮಾತ್ರ' ಎಂದು ಡಬ್ಬಿಯ ಮೇಲೆ ಕೆಂಪು ಇಂಕಿನಲ್ಲಿ ಬರೆಯಿರಿ. ಮಾತ್ರೆಗೆ ಸದಾ ಜಗಳವಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು.

ಇನ್ನು ಫೋನು. ದಿನಕ್ಕೆ ಹತ್ತು ಸಲ 'ಕರಕೊಂಡು ಹೋಗು' ಎನ್ನುತ್ತಾನೆ. ದಿನಕ್ಕೊಂದು ನಿಗದಿತ ಹೊತ್ತು ಇಟ್ಟುಕೊಳ್ಳಿ, ಆ ಹೊತ್ತು ತಪ್ಪಿಸಬೇಡಿ. ಆದರೆ 'ಹೊಡೆದರು', 'ಊಟ ಕೊಡಲಿಲ್ಲ' ಎಂದರೆ ಹಟವೆಂದು ತಳ್ಳಿಹಾಕದೆ ಅದೇ ದಿನ ಹೋಗಿ ನೋಡಿ.

ಮಗಳಿಗೆ ಬೇರೆ ಏನು ನೋಡಬೇಕು?

ರಾತ್ರಿ ಪಾಳಿಯಲ್ಲಿ ಮಹಿಳಾ ಸಿಬ್ಬಂದಿಯೇ ಇರಬೇಕು, ಸ್ನಾನಕ್ಕೂ ಅವರೇ. ಮುಟ್ಟಿನ ದಿನಗಳ ವ್ಯವಸ್ಥೆ ಏನೆಂದು ನೇರವಾಗಿ ಕೇಳಿ. ಕೆಲವು ಕಡೆ 'ಗರ್ಭಕೋಶ ತೆಗೆಸಿಕೊಂಡು ಬನ್ನಿ' ಅನ್ನುತ್ತಾರೆ. ಅವಳ ಮುಕ್ತ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಯಾವ ವೈದ್ಯಕೀಯ ಕ್ರಮವನ್ನೂ ಕಾನೂನು ಒಪ್ಪುವುದಿಲ್ಲ. ಹಾಗೆ ಕೇಳುವ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕಿ.

ನಮ್ಮ ನಂತರ ಯಾರು?

ಇಲ್ಲಿ ಮೂರು ಕೆಲಸ ಬೇರೆ ಬೇರೆ: ದುಡ್ಡು ನೋಡುವವರು, ಸಹಿ ಹಾಕುವವರು, ಹೋಗಿ ಮಾತಾಡಿಸಿ ಬರುವವರು. ಮೂರನ್ನೂ ಒಬ್ಬ ತಮ್ಮನ ತಲೆಗೆ ಕಟ್ಟಿದರೆ ಅವನು ಎಷ್ಟೇ ಒಳ್ಳೆಯವನಾದರೂ ಸೋಲುತ್ತಾನೆ.

ಮನೆ, ಸೈಟನ್ನು ನೇರವಾಗಿ ಮಗನ ಹೆಸರಿಗೆ ಬರೆಯಬೇಡಿ, ನೆಂಟರೋ ಬ್ರೋಕರೋ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಖಾಸಗಿ ಟ್ರಸ್ಟ್ ಮಾಡಿ, ಕನಿಷ್ಠ ಇಬ್ಬರು ಟ್ರಸ್ಟಿಗಳನ್ನು ನೇಮಿಸಿ, ಅವರಲ್ಲೊಬ್ಬರು ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಾಗಿರಲಿ. ಟ್ರಸ್ಟ್‌ನಿಂದ ಹೋಮ್‌ಗೆ ನೇರ ಪಾವತಿಯಾಗಲಿ. ಉಯಿಲಿನಲ್ಲಿ ಆ ಟ್ರಸ್ಟನ್ನು ಹೆಸರಿಸಿ. ಆಸ್ತಿಯನ್ನು ಹೋಮ್‌ಗೇ ಬರೆದುಕೊಟ್ಟು 'ಕೊನೆತನಕ ನೋಡಿಕೊಳ್ಳಿ' ಎನ್ನುವ ಒಪ್ಪಂದದಲ್ಲಿ ಸಂಸ್ಥೆ ಮುಚ್ಚಿದರೆ ಮಗನಿಗೆ ಆಸರೆಯೂ ಇಲ್ಲ, ಆಸ್ತಿಯೂ ಇಲ್ಲ.

ಪಾಲಕತ್ವ, ಅಂದರೆ ಕಾನೂನಿನ ಗಾರ್ಡಿಯನ್‌ಶಿಪ್‌ನಲ್ಲೂ ಎರಡು ದಾರಿ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ನಾಲ್ಕು ವಿಕಲತೆಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ, ವಕೀಲರ ಅಗತ್ಯವಿಲ್ಲ. ಮಾನಸಿಕ ಕಾಯಿಲೆಗೆ ಆ ಸಮಿತಿ ಇಲ್ಲ. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದ್ದ ಆಸ್ತಿ ಪಾಲಕತ್ವದ ಅಧ್ಯಾಯ 2017ರ ಕಾಯ್ದೆಯಲ್ಲಿ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಮಿನ ಸೀಮಿತ ಪಾಲಕತ್ವಕ್ಕೋ ಹೈಕೋರ್ಟಿಗೋ ಹೋಗಬೇಕಾಗುತ್ತದೆ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಆದಾಯ ಎಷ್ಟೇ ಇರಲಿ.

ನಾವು ಹೊರದೇಶದಲ್ಲಿದ್ದೇವೆ. ನನ್ನ ತಮ್ಮ ಬೆಂಗಳೂರಿನ ಹೋಮ್‌ನಲ್ಲಿದ್ದಾನೆ.

ವಿಡಿಯೊ ಕಾಲ್‌ನಲ್ಲಿ ಕಾಣುವುದು ಬಾಚಿದ ತಲೆ ಮಾತ್ರ. ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಹೇಳದೆ ಹೋಗಿ ಬರಲಿ. ತೂಕ, ಮಾತ್ರೆ ರಿಜಿಸ್ಟರ್, ಕಾಲಿನ ಚಪ್ಪಲಿ, ಉಗುರು ಈ ನಾಲ್ಕರ ಫೋಟೊ ಕಳಿಸಲಿ. ಆಸ್ಪತ್ರೆ ಒಪ್ಪಿಗೆ ಬೇಕಾದಾಗ ಗಂಟೆಯೊಳಗೆ ತಲುಪಬಲ್ಲವರ ಹೆಸರನ್ನೇ ನಾಮನಿರ್ದೇಶಿತ ಪ್ರತಿನಿಧಿ ಎಂದು ತಮ್ಮನಿಂದ ಬರೆಸಿ.

ಹಬ್ಬಕ್ಕೆ ಮನೆಗೆ ಕರೆತರಬಹುದೇ?

ಧಾರಾಳವಾಗಿ, ಮೊದಲ ತಿಂಗಳು ಕಳೆದ ಮೇಲೆ. ಹಬ್ಬದ ದಿನವೇ ಬೇಡ, ನೆಂಟರು ಹೋದ ಮಾರನೆಯ ದಿನ ತನ್ನಿ. ಗದ್ದಲದಲ್ಲಿ ಅವನೂ ಕಂಗೆಡುತ್ತಾನೆ, ನೀವೂ. ಬರುವ ಮೊದಲೇ ವಾಪಸ್ ಹೋಗುವ ದಿನ ಮತ್ತು ಹೊತ್ತು ಅವನಿಗೆ ಹೇಳಿ. ಇರುವ ದಿನಗಳಿಗಿಂತ ಎರಡು ದಿನದ ಮಾತ್ರೆ ಹೆಚ್ಚು ತೆಗೆದುಕೊಂಡು ಬನ್ನಿ, ರೈಲು ತಪ್ಪಬಹುದು, ಜ್ವರ ಬರಬಹುದು. ವಾಪಸ್ ಬಿಡುವಾಗ ಉಳಿದ ಮಾತ್ರೆ ಎಣಿಸಿ ಕೊಟ್ಟು, ಯಾವುದಾದರೂ ಹೊತ್ತು ತಪ್ಪಿದ್ದರೆ ರಿಜಿಸ್ಟರಿನಲ್ಲಿ ಬರೆಸಿ ಬನ್ನಿ.